ಮಾದರಿ ಕುದುರೆಗಳ ಸಂಗ್ರಹ ಮತ್ತು ಪ್ರದರ್ಶನ: ಒಂದು ಹವ್ಯಾಸದ ಪರಿಚಯ

ಮನುಷ್ಯನು ಸ್ವಭಾವತಃ ಸಂಗ್ರಹಶೀಲನು. ಅಂಚೆ ಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಡುವ ಹವ್ಯಾಸ ನಮ್ಮ ಮನೆಗಳಲ್ಲಿ ಹೊಸದೇನೂ ಅಲ್ಲ. ಇವೆಲ್ಲವೂ ಹೆಚ್ಚು ಸ್ಥಳ ಬೇಡದ, ಒಂದು ಆಲ್ಬಮ್ಮಿನಲ್ಲಿಯೋ ಡಬ್ಬಿಯಲ್ಲಿಯೋ ಅಡಗುವ ವಸ್ತುಗಳು. ಆದರೆ ಯಾರಾದರೊಬ್ಬನು ತನಗೆ ಕುದುರೆಗಳನ್ನು ಸಂಗ್ರಹಿಸುವ ಹವ್ಯಾಸವಿದೆಯೆಂದು ಹೇಳಿದರೆ, ಕೇಳಿದವರು ಅವನನ್ನು ರಾಜವಂಶದವನೆಂದೋ ಕುದುರೆ ಜೂಜಿನ ಶ್ರೀಮಂತನೆಂದೋ ಭಾವಿಸುವರು. ಮಹಾನಗರದ ಮೂರನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿರುವವನಿಗೆ ಕುದುರೆಯೆಲ್ಲಿ, ಲಾಯವೆಲ್ಲಿ?

ಈ ಪ್ರಶ್ನೆಗೆ ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಸಾವಿರಾರು ಮಂದಿ ಒಂದು ಉತ್ತರವನ್ನು ಕಂಡುಕೊಂಡಿದ್ದಾರೆ. ಅವರ ಕುದುರೆಗಳು ಹುಲ್ಲು ಬೇಡುವುದಿಲ್ಲ, ಹುರುಳಿ ಬೇಡುವುದಿಲ್ಲ; ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಲ್ಲುತ್ತವೆ. ಆದರೂ ಅವುಗಳಿಗೆ ಹೆಸರುಂಟು, ತಳಿಯುಂಟು, ವಂಶಾವಳಿಯುಂಟು. ವರ್ಷಕ್ಕೆ ಕೆಲವು ಬಾರಿ ಅವು ಸ್ಪರ್ಧೆಗೆ ಹೋಗಿ ಬಹುಮಾನ ಗಳಿಸಿ ಬರುವುದೂ ಉಂಟು. ಮಾದರಿ ಕುದುರೆಗಳ ಸಂಗ್ರಹ ಮತ್ತು ಪ್ರದರ್ಶನವೆಂಬ ಈ ಹವ್ಯಾಸದ ಸ್ವರೂಪವೇನು, ಅದರಿಂದ ದೊರೆಯುವ ಲಾಭವೇನು, ಅದರಲ್ಲಿ ಅಡಗಿರುವ ಅಪಾಯಗಳೇನು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸುವುದು ಅಗತ್ಯ. ನಮ್ಮಲ್ಲಿ ಅನೇಕರ ಷೋಕೇಸುಗಳಲ್ಲಿ ಬಂಗಾಳದ ಬಾಂಕುರಾ ಜಿಲ್ಲೆಯ ಸುಟ್ಟಮಣ್ಣಿನ ಕುದುರೆಯೊಂದು ನಿಂತಿರುತ್ತದೆ. ಅದರ ನೀಳವಾದ ಕತ್ತು, ನೆಟ್ಟನೆಯ ಕಿವಿಗಳು ಕಣ್ಣಿಗೆ ಆನಂದವನ್ನೀಯುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣದ ಕುದುರೆಯೂ ಅಂತೆಯೇ. ಆದರೆ ಇವುಗಳ ಪಕ್ಕದಲ್ಲಿ ಜೀವಂತ ಕುದುರೆಯನ್ನು ನಿಲ್ಲಿಸಿ ಯಾರೂ ಅಳೆದು ನೋಡುವುದಿಲ್ಲ. ಅಳೆಯುವುದು ಅರಸಿಕತನವೂ ಆದೀತು. ಮಾದರಿ ಕುದುರೆಯ ಮಾತು ಬೇರೆ. ಅಲ್ಲಿ ಅಳೆಯುವುದೇ ರಸಿಕತೆ. ಮೊಣಕಾಲಿನ ಗಂಟು ಸ್ವಸ್ಥಾನದಲ್ಲಿದೆಯೆ, ಗೊರಸಿನ ಓರೆ ಸರಿಯಾಗಿದೆಯೆ, ಈ ಮೈಬಣ್ಣ ಈ ತಳಿಗೆ ಸಲ್ಲುವುದೆ ಎಂಬ ಪರೀಕ್ಷೆಯೇ ಈ ಹವ್ಯಾಸದ ಜೀವಾಳ.

ಹವ್ಯಾಸದ ಹುಟ್ಟು

ಒಂದು ಪ್ರಾಣಿ ನಿತ್ಯಜೀವನದಿಂದ ಮರೆಯಾದಾಗ ಅದರ ಪ್ರತಿಕೃತಿಯ ಮೇಲೆ ಮಮತೆ ಹೆಚ್ಚುವುದು ಸಹಜ. 1915ರ ಸುಮಾರಿಗೆ ಅಮೆರಿಕದಲ್ಲಿದ್ದ ಕುದುರೆ ಮತ್ತು ಹೇಸರಗತ್ತೆಗಳ ಒಟ್ಟು ಸಂಖ್ಯೆ ಎರಡೂವರೆ ಕೋಟಿಯನ್ನು ಮೀರಿತ್ತು. ಹೊಲಕ್ಕೆ ಟ್ರ್ಯಾಕ್ಟರು, ಬೀದಿಗೆ ಮೋಟಾರು ಬಂದ ಮೇಲೆ ಈ ಸಂಖ್ಯೆ ಕುಸಿಯುತ್ತ ಹೋಗಿ 1960ರ ವೇಳೆಗೆ ಸುಮಾರು 30 ಲಕ್ಷಕ್ಕೆ ಇಳಿಯಿತು. ಅಜ್ಜನು ಉಳುಮೆಯಲ್ಲಿ ಕಂಡ ಕುದುರೆಯನ್ನು ಮೊಮ್ಮಗಳು ಚಲನಚಿತ್ರದಲ್ಲಿ ಮಾತ್ರ ಕಾಣುವಂತಾಯಿತು. ನಮ್ಮ ನಗರಗಳಲ್ಲಿಯೂ ಇದೇ ಕಥೆ. ಮುಂಬಯಿಯ ವಿಕ್ಟೋರಿಯಾ ಸಾರೋಟುಗಳನ್ನು ನಿಲ್ಲಿಸಬೇಕೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2015ರಲ್ಲಿ ಆದೇಶವಿತ್ತ ಮೇಲೆ, ಆ ನಗರದ ಮಕ್ಕಳಿಗೆ ಬೀದಿಯಲ್ಲಿ ಕುದುರೆಯನ್ನು ಹತ್ತಿರದಿಂದ ನೋಡುವ ಅವಕಾಶ ಬಹುಮಟ್ಟಿಗೆ ತಪ್ಪಿಹೋಯಿತು.

ಇಂತಹ ಸಂಧಿಕಾಲದಲ್ಲಿ, 1950ರಲ್ಲಿ, ಷಿಕಾಗೋ ನಗರದ ಬ್ರೇಯರ್ ಮೋಲ್ಡಿಂಗ್ ಕಂಪನಿಗೆ ಒಂದು ಬೇಡಿಕೆ ಬಂದಿತು. ಅದು ಪ್ಲಾಸ್ಟಿಕ್ ಅಚ್ಚಿನ ಸಾಮಾನುಗಳನ್ನು ತಯಾರಿಸುತ್ತಿದ್ದ ಸಂಸ್ಥೆ. ಮಾಸ್ಟರ್‌ಕ್ರಾಫ್ಟರ್ಸ್ ಎಂಬ ಗಡಿಯಾರದ ಕಂಪನಿಯವರು ತಮ್ಮ ಮೇಜು ಗಡಿಯಾರದ ಬದಿಯಲ್ಲಿ ನಿಲ್ಲಿಸಲು ಒಂದು ಕುದುರೆಯ ಬೊಂಬೆ ಬೇಕೆಂದು ಕೇಳಿದ್ದರು. ಕೆಲಸ ಮುಗಿದ ಮೇಲೆ, ಸಲ್ಲಬೇಕಾದ ಹಣಕ್ಕೆ ಬದಲಾಗಿ ಅಚ್ಚು ಬ್ರೇಯರ್ ಕಂಪನಿಯಲ್ಲಿಯೇ ಉಳಿಯಿತೆಂದು ಹೇಳಲಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದೊಂದು ಸಾಮಾನ್ಯ ಹೊಂದಾಣಿಕೆ. ಆದರೆ ಗಡಿಯಾರವನ್ನು ಕಂಡ ಜನ, ಗಡಿಯಾರ ಬೇಡ, ಕುದುರೆಯೊಂದೇ ಸಾಕು ಎಂದು ಕೇಳತೊಡಗಿದರು. ‘ವೆಸ್ಟರ್ನ್ ಹಾರ್ಸ್’ ಎಂಬ ಹೆಸರಿನ ಆ ಕುದುರೆಯೇ ಮುಂದೆ ಒಂದು ಉದ್ಯಮಕ್ಕೂ ಒಂದು ಹವ್ಯಾಸಕ್ಕೂ ನಾಂದಿಯಾಯಿತು. ಕ್ರಿಸ್ ಹೆಸ್ ಎಂಬ ಶಿಲ್ಪಿ ಹಲವು ದಶಕಗಳ ಕಾಲ ಆ ಕಂಪನಿಗಾಗಿ ಕುದುರೆಗಳನ್ನು ಕಡೆದನು. 1984ರಲ್ಲಿ ನ್ಯೂಜೆರ್ಸಿಯ ರೀವ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯು ಈ ಉದ್ಯಮವನ್ನು ಕೊಂಡುಕೊಂಡಿತು.

ಪುಸ್ತಕಗಳೂ ಈ ಹವ್ಯಾಸಕ್ಕೆ ನೀರೆರೆದವು. ಮಾರ್ಗರೀಟ್ ಹೆನ್ರಿ ಎಂಬ ಲೇಖಕಿ ಮಕ್ಕಳಿಗಾಗಿ ಬರೆದ ಕುದುರೆಯ ಕಥೆಗಳು ಅಮೆರಿಕದ ಮನೆಮನೆಯಲ್ಲಿ ಓದಲ್ಪಟ್ಟವು. ಆಕೆಯ ‘ಕಿಂಗ್ ಆಫ್ ದಿ ವಿಂಡ್’ ಕೃತಿಗೆ 1949ರಲ್ಲಿ ನ್ಯೂಬೆರಿ ಪದಕ ದೊರೆಯಿತು. ಆಕೆಯ ಮತ್ತೊಂದು ಕೃತಿಯ ನಾಯಕಿಯಾದ ‘ಮಿಸ್ಟಿ’ ಎಂಬ ಪುಟ್ಟ ಕುದುರೆಯ ಪ್ರತಿಕೃತಿಯನ್ನು ಬ್ರೇಯರ್ ಕಂಪನಿ ಮಾರುಕಟ್ಟೆಗೆ ತಂದಿತು. ಓದಿದ ಕಥೆಯ ಕುದುರೆಯನ್ನು ಕೈಯಲ್ಲಿ ಹಿಡಿಯುವ ಸೌಭಾಗ್ಯ ಮಕ್ಕಳಿಗೆ ಒದಗಿತು. ಆ ಮಕ್ಕಳು ದೊಡ್ಡವರಾದ ಮೇಲೂ ಕುದುರೆಗಳನ್ನು ಕೈಬಿಡಲಿಲ್ಲವೆಂಬುದೇ ಈ ಹವ್ಯಾಸದ ಬೆಳವಣಿಗೆಯ ಗುಟ್ಟು.

ತಯಾರಿಕೆ ಮತ್ತು ಪ್ರಮಾಣ

ಬ್ರೇಯರ್ ಕುದುರೆಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ಆಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಆದವು. ಮರದ ತಿರುಳು ಅಥವಾ ಹತ್ತಿಯ ನಾರಿನಿಂದ ದೊರೆಯುವ ಈ ವಸ್ತುವನ್ನೇ ಹಿಂದೆ ಫಿಲ್ಮ್ ತಯಾರಿಕೆಯಲ್ಲಿ ಉಪಯೋಗಿಸುತ್ತಿದ್ದರು. ಕನ್ನಡಕದ ಚೌಕಟ್ಟಿಗೆ ಇಂದಿಗೂ ಉಪಯೋಗಿಸುತ್ತಾರೆ. ಕುದುರೆಯ ದೇಹವನ್ನು ಎರಡು ಹೋಳುಗಳಾಗಿ ಅಚ್ಚಿನಲ್ಲಿ ತೆಗೆದು, ಒಂದಕ್ಕೊಂದು ಅಂಟಿಸಿ, ಬೆಸುಗೆಯ ಗೆರೆಯನ್ನು ಉಜ್ಜಿ ನಯಗೊಳಿಸಿ, ಬಳಿಕ ಬಣ್ಣ ಸಿಂಪಡಿಸುವರು. ಕಣ್ಣು, ಗೊರಸು ಮುಂತಾದ ಸೂಕ್ಷ್ಮ ಭಾಗಗಳನ್ನು ಕೈಯಿಂದಲೇ ತಿದ್ದಬೇಕಾಗುತ್ತದೆ. ಆದುದರಿಂದ ಒಂದೇ ಅಚ್ಚಿನಿಂದ ಬಂದ ಎರಡು ಕುದುರೆಗಳು ಪೂರ್ಣವಾಗಿ ಒಂದೇ ತೆರನಾಗಿರುವುದಿಲ್ಲ. ಅಂಗಡಿಯಲ್ಲಿ ಹತ್ತು ಪೆಟ್ಟಿಗೆಗಳನ್ನು ತೆರೆಸಿ ಒಂದನ್ನು ಆರಿಸುವ ಸಂಗ್ರಾಹಕನು ಅಂಗಡಿಯವನಿಗೆ ಹಟಮಾರಿಯಾಗಿ ಕಂಡರೂ ಅವನ ನಡವಳಿಕೆಗೆ ಕಾರಣವಿಲ್ಲದಿಲ್ಲ.

ಪ್ರಮಾಣದ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚು. ಅತ್ಯಂತ ಪ್ರಚಾರದಲ್ಲಿರುವ ‘ಟ್ರೆಡಿಷನಲ್’ ಗಾತ್ರವು ನಿಜವಾದ ಕುದುರೆಯ ಒಂಬತ್ತನೆಯ ಒಂದು ಭಾಗ. ‘ಕ್ಲಾಸಿಕ್’ ಗಾತ್ರವು ಹನ್ನೆರಡನೆಯ ಒಂದು ಭಾಗ. 1975ರಲ್ಲಿ ಬಂದ ‘ಸ್ಟೇಬಲ್‌ಮೇಟ್’ ಎಂಬ ಪುಟಾಣಿ ಗಾತ್ರವು ಮೂವತ್ತೆರಡನೆಯ ಒಂದು ಭಾಗ. ಕುದುರೆಯ ಎತ್ತರವನ್ನು ಇಂಗ್ಲಿಷರ ಪದ್ಧತಿಯಂತೆ ‘ಹ್ಯಾಂಡ್’ ಎಂಬ ಮಾನದಿಂದ ಅಳೆಯುವರು. ಒಂದು ಹ್ಯಾಂಡ್ ಎಂದರೆ 4 ಅಂಗುಲ. ಕತ್ತು ಬೆನ್ನನ್ನು ಸೇರುವ ಏಣಿನವರೆಗೆ 15 ಹ್ಯಾಂಡ್, ಅಂದರೆ 60 ಅಂಗುಲ ಅಥವಾ ಸುಮಾರು 152 ಸೆಂಟಿಮೀಟರ್ ಎತ್ತರದ ಕುದುರೆಯು ಟ್ರೆಡಿಷನಲ್ ಗಾತ್ರದಲ್ಲಿ ಸುಮಾರು 17 ಸೆಂಟಿಮೀಟರಿಗೂ, ಕ್ಲಾಸಿಕ್ ಗಾತ್ರದಲ್ಲಿ 12.7 ಸೆಂಟಿಮೀಟರಿಗೂ, ಸ್ಟೇಬಲ್‌ಮೇಟ್ ಗಾತ್ರದಲ್ಲಿ 5 ಸೆಂಟಿಮೀಟರಿಗಿಂತ ಕಡಿಮೆಗೂ ಇಳಿಯುತ್ತದೆ. ಮೊದಲ ಜಾತಿಯ ಹತ್ತು ಕುದುರೆಗಳಿಗೆ ಒಂದು ಗೋಡೆಯೇ ಬೇಕಾದರೆ, ಕೊನೆಯ ಜಾತಿಯ ಹತ್ತು ಕುದುರೆಗಳು ಪುಸ್ತಕದ ಕಪಾಟಿನ ಒಂದು ಹಲಗೆಯ ಮೇಲೆ ನಿಲ್ಲಬಲ್ಲವು.

ಸಂಗ್ರಹದ ವಿಧಗಳು

ಸಂಗ್ರಾಹಕರೆಲ್ಲರ ರುಚಿಯೂ ಒಂದೇ ಅಲ್ಲ. ಕಾರ್ಖಾನೆಯಿಂದ ಬಂದ ಬಣ್ಣವನ್ನು ಮುಟ್ಟದೆ ಹಾಗೆಯೇ ಕಾಪಾಡುವವರು ಒಂದು ವರ್ಗ. ಇವರಿಗೆ ಕಿವಿಯ ತುದಿಯಲ್ಲಿ ಸಾಸಿವೆಯಷ್ಟು ಬಣ್ಣ ಸವೆದಿದ್ದರೂ ಅದು ಕೊರತೆಯೇ.

ಎರಡನೆಯ ವರ್ಗದವರು ಇದಕ್ಕೆ ತೀರ ವಿರುದ್ಧ. ಗೀಚುಬಿದ್ದ, ಕಾಲು ಮುರಿದ, ಯಾರಿಗೂ ಬೇಡವಾದ ಹಳೆಯ ಕುದುರೆಯನ್ನು ಅಲ್ಪ ಬೆಲೆಗೆ ಕೊಂಡು ಅದಕ್ಕೆ ಹೊಸ ಜನ್ಮ ಕೊಡುವರು. ಬಿಸಿಗಾಳಿ ಹಾಯಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕತ್ತನ್ನು ತಿರುಗಿಸುವುದು, ಕಾಲನ್ನು ಮಡಿಸುವುದು, ಎಪಾಕ್ಸಿ ಮೆತ್ತಿ ಸ್ನಾಯುಗಳನ್ನು ತುಂಬುವುದು, ಅಯಾಲನ್ನೂ ಬಾಲವನ್ನೂ ಹೊಸದಾಗಿ ಕಡೆಯುವುದು, ಪದರ ಪದರವಾಗಿ ಬಣ್ಣ ಹಚ್ಚುವುದು ಇವೆಲ್ಲ ಇವರ ಕೈಚಳಕ. ನಿಂತಿದ್ದ ಕುದುರೆ ಇವರ ಕೈಯಲ್ಲಿ ಓಡತೊಡಗುತ್ತದೆ.

ಮೂರನೆಯ ವರ್ಗದವರು ಶಿಲ್ಪಿಗಳು ಸ್ವತಂತ್ರವಾಗಿ ಕಡೆದು, ರೆಸಿನ್ನಿನಲ್ಲಿ ಎರಕ ಹೊಯ್ದು, ಮಿತ ಸಂಖ್ಯೆಯಲ್ಲಿ ಮಾರುವ ಕುದುರೆಗಳನ್ನು ಕೊಳ್ಳುವರು. ಇವು ಬಹುಮಟ್ಟಿಗೆ ಬಣ್ಣವಿಲ್ಲದೆಯೇ ಬರುತ್ತವೆ. ಕೊಂಡವರು ತಾವೇ ಬಣ್ಣ ಹಚ್ಚಬೇಕು ಅಥವಾ ನುರಿತವರಿಂದ ಹಚ್ಚಿಸಬೇಕು. ನಾಲ್ಕನೆಯವರು ಪಿಂಗಾಣಿಯ ಪ್ರೇಮಿಗಳು. ಇಂಗ್ಲೆಂಡಿನ ಬೆಸ್ವಿಕ್, ಕ್ಯಾಲಿಫೋರ್ನಿಯದಲ್ಲಿ 1940ರ ದಶಕದಲ್ಲಿ ಆರಂಭವಾದ ಹೇಗನ್-ರೆನೇಕರ್ ಇವು ಆ ವರ್ಗದಲ್ಲಿ ಪ್ರಸಿದ್ಧವಾದ ಹೆಸರುಗಳು. ಮೇಲೆ ಹೇಳಿದ ಸ್ಟೇಬಲ್‌ಮೇಟುಗಳ ಮೊದಲ ಶಿಲ್ಪಗಳನ್ನು ರಚಿಸಿದವಳು ಹೇಗನ್-ರೆನೇಕರ್ ಸಂಸ್ಥೆಯ ಶಿಲ್ಪಿಯಾಗಿದ್ದ ಮೌರೀನ್ ಲವ್.

ಅಂಚೆಯ ಮೂಲಕ ಸ್ಪರ್ಧೆ

ಕುದುರೆಗಳನ್ನು ಕೂಡಿಟ್ಟವರಿಗೆ ಅವುಗಳನ್ನು ನಾಲ್ವರಿಗೆ ತೋರಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ. ಆದರೆ ಆರಂಭದ ದಿನಗಳಲ್ಲಿ ಈ ಹವ್ಯಾಸದವರು ಒಂದೊಂದು ಊರಿಗೆ ಒಬ್ಬಿಬ್ಬರಂತೆ ಚದುರಿಹೋಗಿದ್ದರು. ಅವರು ಆಶ್ರಯಿಸಿದ್ದು ಅಂಚೆಯನ್ನು. ಕುದುರೆಯನ್ನು ಹುಲ್ಲಿನ ಮೇಲೆ ನಿಲ್ಲಿಸಿ, ನೆಲಮಟ್ಟದಿಂದ ಛಾಯಾಚಿತ್ರ ತೆಗೆದು, ಹಿಂಬದಿಯಲ್ಲಿ ಕುದುರೆಯ ಹೆಸರು ತಳಿಗಳನ್ನು ಬರೆದು ದೂರದ ಊರಿನಲ್ಲಿರುವ ತೀರ್ಪುಗಾರರಿಗೆ ಕಳುಹಿಸುವರು. ತೀರ್ಪುಗಾರರು ಚಿತ್ರಗಳನ್ನು ವರ್ಗವಾರು ಹರಡಿ, ಸ್ಥಾನಗಳನ್ನು ನಿರ್ಣಯಿಸಿ ಚಿತ್ರಗಳನ್ನು ಹಿಂದಿರುಗಿಸುವರು. ಪರಸ್ಪರ ಮುಖವನ್ನೇ ಕಾಣದವರು ಪತ್ರಗಳ ಮೂಲಕ ವರ್ಷಗಟ್ಟಲೆ ಸ್ನೇಹದಿಂದಿದ್ದರು.

ಈ ಹವ್ಯಾಸದ ಇನ್ನೊಂದು ವಿನೋದವೆಂದರೆ ವಂಶಾವಳಿ. ಪ್ಲಾಸ್ಟಿಕ್ ಕುದುರೆಗೆ ತಂದೆ ತಾಯಿಗಳೆಲ್ಲಿಂದ ಬರಬೇಕು? ಆದರೂ ಅನೇಕರು ತಮ್ಮ ಕುದುರೆಗೆ ತಕ್ಕ ತಂದೆಯನ್ನೂ ತಾಯಿಯನ್ನೂ ನಿಜವಾದ ತಳಿ ದಾಖಲೆಗಳಿಂದ ಆರಿಸಿ ಕಾಗದದ ಮೇಲೆ ವಂಶವನ್ನು ಬೆಳೆಸುವರು. ಇದು ಕೇವಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ತಂದೆ ತಾಯಿಗಳಿಬ್ಬರೂ ಕೆಂಗಂದು ಬಣ್ಣದವರಾದರೆ ಮರಿಯೂ ಕೆಂಗಂದಾಗಿಯೇ ಹುಟ್ಟುವುದು ಅನುವಂಶೀಯತೆಯ ನಿಯಮ. ಅಂತಹ ದಂಪತಿಗಳಿಗೆ ಕಪ್ಪು ಮರಿಯೊಂದನ್ನು ಕಾಗದದಲ್ಲಿ ಬರೆದವನು ತನ್ನ ಅಜ್ಞಾನವನ್ನು ತಾನೇ ದಾಖಲೆ ಮಾಡಿದಂತಾಗುತ್ತದೆ. ಆಟಕ್ಕೆಂದು ಆರಂಭಿಸಿದವರು ಹೀಗೆ ತಮಗೆ ತಿಳಿಯದಂತೆಯೇ ಜೀವಶಾಸ್ತ್ರದ ವಿದ್ಯಾರ್ಥಿಗಳಾಗುವರು.

ಮೇಜಿನ ಮೇಲಿನ ಮೈದಾನ

ಸಂಗ್ರಾಹಕರ ಸಂಖ್ಯೆ ಹೆಚ್ಚಿದಂತೆ ಒಂದೆಡೆ ಸೇರಿ ನಡೆಸುವ ಪ್ರದರ್ಶನಗಳು ರೂಢಿಗೆ ಬಂದವು. ಒಂದು ಸಭಾಂಗಣ, ಅದರಲ್ಲಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ವರ್ಗದ ಹೆಸರನ್ನು ಕರೆದೊಡನೆ ಸ್ಪರ್ಧಿಗಳು ತಮ್ಮ ಕುದುರೆಗಳನ್ನು ಮೇಜಿನ ಮೇಲಿಟ್ಟು, ಚೀಟಿ ಲಗತ್ತಿಸಿ, ಹಿಂದೆ ಸರಿಯುವರು. ಬಳಿಕ ತೀರ್ಪುಗಾರರು ಬಂದು ಒಂದೊಂದನ್ನೂ ಸುತ್ತಲಿಂದ ಬಗ್ಗಿ ನೋಡುವರು. ಗೆದ್ದವರಿಗೆ ದೊರೆಯುವುದು ಮುಖ್ಯವಾಗಿ ಬಣ್ಣದ ರಿಬ್ಬನ್ನು. ಉತ್ತರ ಅಮೆರಿಕದಲ್ಲಿ ಈ ಪ್ರದರ್ಶನಗಳಿಗೆ ಒಂದು ಒಕ್ಕೂಟವೂ ಇದೆ. ಅದರ ಸದಸ್ಯ ಪ್ರದರ್ಶನಗಳಲ್ಲಿ ಒಂದು ವರ್ಗದ ಮೊದಲ ಎರಡು ಸ್ಥಾನ ಗಳಿಸಿದ ಕುದುರೆಗಳು ರಾಷ್ಟ್ರಮಟ್ಟದ ಸ್ಪರ್ಧೆಗೆ ಅರ್ಹತೆ ಪಡೆಯುತ್ತವೆ. ಇದಲ್ಲದೆ ಬ್ರೇಯರ್ ಸಂಸ್ಥೆಯವರು 1990ರಿಂದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಬಳಿಯ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ ‘ಬ್ರೇಯರ್‌ಫೆಸ್ಟ್’ ಎಂಬ ವಾರ್ಷಿಕ ಉತ್ಸವವನ್ನು ನಡೆಸಿಕೊಂಡು ಬಂದಿದ್ದಾರೆ. ಮಾದರಿ ಕುದುರೆಗಳ ಜೊತೆಗೆ ಜೀವಂತ ಕುದುರೆಗಳೂ ಅಲ್ಲಿ ಪ್ರೇಕ್ಷಕರ ಮುಂದೆ ಬರುತ್ತವೆ.

ತೀರ್ಪಿನ ಮಾನದಂಡ ಒಂದಲ್ಲ, ಹಲವು. ಮೊದಲನೆಯದು ತಳಿಯ ಯಥಾರ್ಥತೆ. ಅರಬ್ಬೀ ಕುದುರೆಯ ಮುಖ ಕಣ್ಣಿನ ಕೆಳಗೆ ತುಸು ಒಳಬಾಗಿರಬೇಕು, ಬಾಲ ಎತ್ತರದಲ್ಲಿರಬೇಕು. ಕ್ಲೈಡ್ಸ್‌ಡೇಲ್ ಕುದುರೆಯ ಕಾಲುಗಳ ಕೆಳಭಾಗದಲ್ಲಿ ನೀಳ ಕೂದಲಿರಬೇಕು. ನಮ್ಮ ರಾಜಸ್ಥಾನದ ಮಾರವಾಡಿ ಕುದುರೆಯಾದರೆ ಕಿವಿಗಳ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಸಮೀಪಿಸಬೇಕು. ಇಂಗ್ಲೆಂಡಿನ ಕ್ಲೀವ್‌ಲೆಂಡ್ ಬೇ ಎಂಬ ತಳಿಯಲ್ಲಿ ಕಂದು ಮೈಯೂ ಕಪ್ಪು ಅಯಾಲು ಬಾಲಗಳೂ ಇರಲೇಬೇಕು. ಎರಡನೆಯ ಮಾನದಂಡ ಕುಶಲತೆ: ಬಣ್ಣ ಹಚ್ಚಿದ ನಯ, ಬೆಸುಗೆಯನ್ನು ಮರೆಮಾಡಿದ ಜಾಣ್ಮೆ. ಮೂರನೆಯದು ಅಪೂರ್ವತೆ: ಎಷ್ಟು ಹಳೆಯದು, ಎಷ್ಟು ವಿರಳ, ಯಾವ ಸ್ಥಿತಿಯಲ್ಲಿದೆ ಎಂಬುದು. ಒಂದೇ ಕುದುರೆ ಒಂದು ಮಾನದಂಡದಲ್ಲಿ ಪ್ರಥಮವಾಗಿ ಮತ್ತೊಂದರಲ್ಲಿ ಯಾವ ಸ್ಥಾನವನ್ನೂ ಪಡೆಯದಿರಬಹುದು.

ನಡೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಶತಮಾನಗಳ ಕಾಲ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ತೇಲುವಂತೆ ಬರೆಯುತ್ತಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಕ್ಯಾಲಿಫೋರ್ನಿಯದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರಗಳನ್ನು ತೆಗೆದಾಗ ಸತ್ಯ ಹೊರಬಿದ್ದಿತು. ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ನಿಜ. ಆದರೆ ಆ ಕ್ಷಣದಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತವೆ. ಅಂತೆಯೇ ಕುಕ್ಕುಲೋಟದಲ್ಲಿ ಬಲ ಮುಂಗಾಲೂ ಎಡ ಹಿಂಗಾಲೂ ಒಟ್ಟಿಗೆ, ಎಡ ಮುಂಗಾಲೂ ಬಲ ಹಿಂಗಾಲೂ ಒಟ್ಟಿಗೆ ಚಲಿಸುತ್ತವೆ. ಈ ಕ್ರಮ ತಪ್ಪಿದ ಶಿಲ್ಪ ಎಷ್ಟೇ ಸುಂದರವಾಗಿದ್ದರೂ ಬಲ್ಲವರ ಕಣ್ಣಿಗೆ ಮುಗ್ಗರಿಸಿದಂತೆ ಕಾಣುತ್ತದೆ.

ಜೀನು ಮತ್ತು ಕಡಿವಾಣ

ಇನ್ನೊಂದು ಬಗೆಯ ಸ್ಪರ್ಧೆಯಲ್ಲಿ ಕುದುರೆ ಒಂಟಿಯಾಗಿ ನಿಲ್ಲುವುದಿಲ್ಲ. ಜೀನು, ಕಡಿವಾಣ, ಲಗಾಮು, ರಿಕಾಪುಗಳೊಡನೆ, ಕೆಲವೊಮ್ಮೆ ಸವಾರನೊಡನೆ, ಬೇಲಿ ಹಾರುವ ಅಥವಾ ದನ ಕಾಯುವ ದೃಶ್ಯವೊಂದನ್ನು ಮೇಜಿನ ಮೇಲೆ ರಚಿಸಬೇಕು. ಇಲ್ಲಿಯ ಕಷ್ಟ ಲೆಕ್ಕ ಹಾಕಿದರೆ ತಿಳಿಯುತ್ತದೆ. ಉದ್ದವು ಒಂಬತ್ತನೆಯ ಒಂದು ಭಾಗಕ್ಕೆ ಇಳಿದಾಗ ಗಾತ್ರವು ಒಂಬತ್ತರ ಘನದಷ್ಟು, ಅಂದರೆ 729 ಪಟ್ಟು ಇಳಿಯುತ್ತದೆ. 15 ಕಿಲೋಗ್ರಾಂ ತೂಗುವ ಜೀನು ಸುಮಾರು 20 ಗ್ರಾಂ ಆಗಬೇಕು. 25 ಮಿಲಿಮೀಟರ್ ಅಗಲದ ಚರ್ಮದ ಪಟ್ಟಿ 3 ಮಿಲಿಮೀಟರಿಗಿಂತ ಕಿರಿದಾಗಬೇಕು. 4 ಮಿಲಿಮೀಟರ್ ದಪ್ಪದ ಚರ್ಮ ಅರ್ಧ ಮಿಲಿಮೀಟರಿಗಿಂತ ತೆಳುವಾಗಬೇಕು. ಇದಕ್ಕಾಗಿ ಚರ್ಮದ ಹಿಂಬದಿಯನ್ನು ಹರಿತವಾದ ಅಲಗಿನಿಂದ ಹೆರೆದು ಕಾಗದದಂತೆ ಮಾಡುವರು. ಬಕಲುಗಳನ್ನು ಸಣ್ಣ ತಂತಿಯಿಂದ ಬಾಗಿಸಿ ಮಾಡುವರು.

ಹೊಟ್ಟೆಪಟ್ಟಿ ಸಡಿಲವಾಗಿ ಜೋತಿದ್ದರೆ ತೀರ್ಪುಗಾರರು ಹಿಂದೆ ಸರಿಸುವರು. ಏಕೆಂದರೆ ನಿಜ ಜೀವನದಲ್ಲಿ ಆ ಸವಾರನು ಬೀಳುತ್ತಿದ್ದನು. ಒಂದು ದೇಶದ ಜೀನಿಗೆ ಇನ್ನೊಂದು ದೇಶದ ಕಡಿವಾಣ ಹಾಕಿದ್ದರೂ ಅಂಕ ಕಳೆಯುವುದು. ಇಲ್ಲಿಯೇ ಈ ಹವ್ಯಾಸದ ಹಿರಿಮೆ ಎದ್ದು ಕಾಣುತ್ತದೆ. ಈ ವರ್ಗದಲ್ಲಿ ಸಾಮಾನ್ಯ ಅಂಗಡಿಯಲ್ಲಿ ಕೊಂಡ ಕುದುರೆಯೊಂದು, ಅದರ ಒಡತಿ ಸವಾರಿಯ ನಿಯಮಗಳನ್ನು ಓದಿ ಅರಿತಿದ್ದರೆ, ದುಬಾರಿ ಕುದುರೆಯನ್ನು ಸೋಲಿಸಬಲ್ಲುದು. ಹಣದಿಂದ ಕುದುರೆಯನ್ನು ತರಬಹುದು. ಕಡಿವಾಣ ಎಲ್ಲಿ ಕೂರಬೇಕೆಂಬ ತಿಳಿವನ್ನು ತರಲಾಗುವುದಿಲ್ಲ.

ಬೆಲೆ ಮತ್ತು ಮೌಲ್ಯ

ಹಣದ ಪ್ರಸ್ತಾಪ ಬಂದುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತ. 1960ರ ದಶಕದಲ್ಲಿ ಬ್ರೇಯರ್ ಕಂಪನಿಯು ಗೃಹಾಲಂಕಾರಕ್ಕೆಂದು ಚಿನ್ನದ ಬಣ್ಣ, ನೀಲಿ ಬಣ್ಣ ಮುಂತಾದ ಕಾಲ್ಪನಿಕ ವರ್ಣಗಳ ಕುದುರೆಗಳನ್ನು ಹೊರತಂದಿತು. ನೀಲಿ ಕುದುರೆಯನ್ನು ಅಂದು ಕೊಳ್ಳುವವರು ವಿರಳವಾಗಿದ್ದುದರಿಂದ ಬೇಗನೆ ಅವುಗಳ ತಯಾರಿಕೆ ನಿಂತುಹೋಯಿತು. ಅಂದು ಮಾರಾಟವಾಗದಿದ್ದುದೇ ಇಂದು ಅವುಗಳ ವಿರಳತೆಗೂ ದುಬಾರಿ ಬೆಲೆಗೂ ಕಾರಣವಾಗಿದೆ. ಅಪೂರ್ವವಾದ ಮಾದರಿಗಳು ಸಾವಿರಾರು ಡಾಲರುಗಳಿಗೆ ಕೈ ಬದಲಾಯಿಸುವುದುಂಟು.

ಇಂತಹ ಸುದ್ದಿ ಕೇಳಿದವರು ಈ ಹವ್ಯಾಸವನ್ನು ಬಂಡವಾಳ ಹೂಡಿಕೆಯೆಂದು ಭ್ರಮಿಸುವ ಅಪಾಯವಿದೆ. ಮೇಲಿನ ಉದಾಹರಣೆಯೇ ಈ ಭ್ರಮೆಗೆ ಉತ್ತರವನ್ನೂ ಕೊಡುತ್ತದೆ. ನೀಲಿ ಕುದುರೆ ದುಬಾರಿಯಾದುದು ಅದನ್ನು ಯಾರೂ ಕೂಡಿಡದಿದ್ದುದರಿಂದ. ಎಲ್ಲರೂ ಲಾಭದ ಆಸೆಯಿಂದ ಪೆಟ್ಟಿಗೆಯನ್ನೂ ತೆರೆಯದೆ ಕೂಡಿಟ್ಟ ವಸ್ತು ಮುಂದೆ ವಿರಳವಾಗುವುದು ಹೇಗೆ? ‘ಮಿತ ಸಂಖ್ಯೆಯ ವಿಶೇಷ ಕುದುರೆ’ ಎಂಬ ಪ್ರಕಟಣೆ ಕಂಡೊಡನೆ ಧಾವಿಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು. ಕುದುರೆ ಕಂಡರೆ ಕಾಲುನೋವು ಎಂಬುದು ನಮ್ಮ ಗಾದೆ. ಸಂಗ್ರಾಹಕನಿಗೋ ಹೊಸ ಕುದುರೆ ಕಂಡರೆ ಜೇಬಿನ ನೋವು. ತಿಂಗಳ ಖರ್ಚು, ಮಕ್ಕಳ ಶುಲ್ಕ, ಉಳಿತಾಯ ಇವೆಲ್ಲ ಕಳೆದು ಮಿಕ್ಕ ಹಣದಲ್ಲಿ ಮಾತ್ರ ಕೊಳ್ಳಬೇಕು. ಕಂತಿನ ಮೇಲೆ, ಸಾಲದ ಮೇಲೆ ಎಂದಿಗೂ ಕೊಳ್ಳಬಾರದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಪ್ಲಾಸ್ಟಿಕ್ ಕಾಲುಗಳಿಗೂ ಅನ್ವಯಿಸುತ್ತದೆ.

ಮತ್ತೊಂದು ಸಂಗತಿಯನ್ನು ಮರೆಯಬಾರದು. ಸೆಲ್ಯುಲೋಸ್ ಆಸಿಟೇಟ್ ಶಾಶ್ವತವಾದ ವಸ್ತುವಲ್ಲ. ಶಾಖ ಮತ್ತು ತೇವಾಂಶಗಳಿಂದ ಅದು ನಿಧಾನವಾಗಿ ವಿಘಟನೆ ಹೊಂದಿ ಆಸಿಟಿಕ್ ಆಮ್ಲವನ್ನು ಬಿಡುತ್ತದೆ. ವಿನಿಗರಿನಂತಹ ಹುಳಿ ವಾಸನೆ ಇದರ ಕುರುಹು. ಹಾಗೆ ಹೊರಬಂದ ಆಮ್ಲವೇ ವಿಘಟನೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಕುದುರೆ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಇಡುವುದು ಕಾಪಾಡಿದಂತಾಗುವುದಿಲ್ಲ. ಬಿಸಿಲು ನೇರವಾಗಿ ಬೀಳದ, ಗಾಳಿಯಾಡುವ ಕಪಾಟಿನಲ್ಲಿಟ್ಟು ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು. ಹುಳಿ ವಾಸನೆ ಬಂದ ಕುದುರೆಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು.

ಸಂಗ್ರಹಕ್ಕೆ ಒಂದು ದಾಖಲೆ ಪುಸ್ತಕವೂ ಅತ್ಯಗತ್ಯ. ಕುದುರೆಯ ಹೆಸರು, ತಯಾರಕರು, ಕೊಂಡ ದಿನಾಂಕ, ಕೊಟ್ಟ ಬೆಲೆ, ಸ್ಥಿತಿ, ಒಂದು ಛಾಯಾಚಿತ್ರ ಇಷ್ಟಿದ್ದರೆ ಸಾಕು. ಸಂಗ್ರಾಹಕನು ಕಾಲವಾದ ಮೇಲೆ, ಇಂತಹ ದಾಖಲೆಯಿಲ್ಲದ ಮನೆಗಳಲ್ಲಿ ಜೀವಮಾನದ ಸಂಗ್ರಹವು ಹಳೆಯ ಆಟದ ಸಾಮಾನೆಂದು ಗುಜರಿಗೆ ಹೋಗುವ ಸಂಭವ ಉಂಟು. ಯಾವ ಕುದುರೆ ಯಾರಿಗೆ ಸೇರಬೇಕು, ಯಾವುದನ್ನು ಮಾರಬಹುದು ಎಂಬುದನ್ನು ಆ ಪುಸ್ತಕದಲ್ಲಿಯೇ ಬರೆದಿಡುವುದು ಮನೆಯವರಿಗೆ ಮಾಡುವ ಉಪಕಾರ. ಠೇವಣಿಗೆ ನಾಮನಿರ್ದೇಶನ ಮಾಡುವ ಜಾಗರೂಕತೆ ಹವ್ಯಾಸಕ್ಕೂ ಇರಲಿ.

ಹವ್ಯಾಸ ಮತ್ತು ಆರೋಗ್ಯ

ಮಹಾನಗರದ ಜೀವನದಲ್ಲಿ ಬೆಳಗಿನ ರೈಲಿನ ನೂಕುನುಗ್ಗಲು, ಕಚೇರಿಯ ಒತ್ತಡ, ಸಂಜೆಯ ದಣಿವು ಇವುಗಳ ನಡುವೆ ಮನಸ್ಸು ಒಂದೆಡೆ ನಿಲ್ಲುವುದೇ ಅಪರೂಪ. ಕಣ್ಣು, ಕೈ, ಮನಸ್ಸು ಮೂರನ್ನೂ ಒಂದೇ ಬಿಂದುವಿನಲ್ಲಿ ಸೇರಿಸುವ ಯಾವುದೇ ಕೆಲಸ ವಿಶ್ರಾಂತಿಯ ಫಲವನ್ನು ಕೊಡುತ್ತದೆ. ಕುದುರೆಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೊಂದನ್ನಿಡುವಾಗ ಮೇಲಧಿಕಾರಿಯ ಮುಖ ನೆನಪಿಗೆ ಬಾರದು. ನಿವೃತ್ತರಿಗೆ ಓದು, ಪತ್ರವ್ಯವಹಾರ, ಸ್ನೇಹಗಳು ಇದರಿಂದ ಒದಗುವುವು. ಮಕ್ಕಳಿಗೆ ಸೋಲನ್ನು ಸಮಾಧಾನದಿಂದ ಸ್ವೀಕರಿಸುವ ಅಭ್ಯಾಸವಾಗುವುದು. ಏಕೆಂದರೆ ಮೇಜಿನ ಮೇಲಿಟ್ಟ ಹತ್ತು ಕುದುರೆಗಳಲ್ಲಿ ಪ್ರಥಮ ಸ್ಥಾನ ಒಂದಕ್ಕೆ ಮಾತ್ರ.

ಆದರೆ ಕೆಲವು ಎಚ್ಚರಿಕೆಗಳು ಬೇಕು. ರೆಸಿನ್ ಅಥವಾ ಪ್ಲಾಸ್ಟಿಕ್ಕನ್ನು ಉಜ್ಜುವಾಗ ಏಳುವ ನುಣುಪಾದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿದರೆ ಧೂಳು ಏಳುವುದಿಲ್ಲ. ಆದರೂ ಮುಖಗವುಸನ್ನು ಧರಿಸುವುದು ಕ್ಷೇಮ. ಸಿಂಪಡಿಸುವ ಬಣ್ಣ, ಟರ್ಪೆಂಟೈನ್ ಮುಂತಾದವುಗಳ ಆವಿ ಸಣ್ಣ ಕೋಣೆಯಲ್ಲಿ ಬಹುಬೇಗ ತುಂಬಿಕೊಳ್ಳುವುದರಿಂದ ಕಿಟಕಿ ತೆರೆದಿರಬೇಕು. ಆಸ್ತಮಾ ಇರುವವರು, ಪುಟ್ಟ ಮಕ್ಕಳು ಅಲ್ಲಿ ಕೂರಬಾರದು. ಎಪಾಕ್ಸಿ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕೈಗವುಸು ಹಾಕಿಕೊಳ್ಳುವುದು ಒಳ್ಳೆಯದು. ಅಡಿಗೆಮನೆಯ ಪಾತ್ರೆ ಚಮಚಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಸಾಕಷ್ಟು ಬೆಳಕಿನಲ್ಲಿ ಕುಳಿತು, ಆಗಾಗ್ಗೆ ತಲೆಯೆತ್ತಿ ದೂರ ನೋಡಿ ಕಣ್ಣಿಗೂ ಕತ್ತಿಗೂ ವಿರಾಮ ಕೊಡಬೇಕು.

ಆರಂಭಿಸುವವರಿಗೆ

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಬೊಂಬೆ ಕೂರಿಸುವ ಕಲೆ ಅಪರಿಚಿತವಲ್ಲ. ನವರಾತ್ರಿಯಲ್ಲಿ ಹಂತ ಹಂತವಾಗಿ ಪಟ್ಟದ ಬೊಂಬೆಗಳನ್ನೂ ಸಂತೆ, ಮದುವೆ, ಮೆರವಣಿಗೆಯ ದೃಶ್ಯಗಳನ್ನೂ ಜೋಡಿಸುವ ಮನೆಗಳು ಮೈಸೂರಿನಲ್ಲಿರುವಂತೆ ಮಾಟುಂಗಾದಲ್ಲಿಯೂ ಇವೆ. ಮೇಜಿನ ಮೇಲೆ ಒಂದು ಲೋಕವನ್ನು ಸೃಷ್ಟಿಸುವ ಆನಂದ ಎರಡರಲ್ಲಿಯೂ ಒಂದೇ. ಅಲ್ಲಿ ಭಕ್ತಿ ಸಂಪ್ರದಾಯಗಳು ಮುಖ್ಯ. ಇಲ್ಲಿ ಅವಲೋಕನ ಮುಖ್ಯ.

ಆರಂಭಿಸಲು ವಿದೇಶದಿಂದ ಏನನ್ನೂ ತರಿಸಬೇಕಾಗಿಲ್ಲ. ಅಂಗಡಿಯಲ್ಲಿ ದೊರೆಯುವ, ಅಂಗಸೌಷ್ಠವ ಸಾಕಷ್ಟು ಸರಿಯಿರುವ ಒಂದು ಪ್ಲಾಸ್ಟಿಕ್ ಕುದುರೆ ಸಾಕು. ಅದನ್ನು ಕೊಂಡ ಮೇಲೆ ಇನ್ನೊಂದನ್ನು ಕೊಳ್ಳುವ ಮುನ್ನ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಜೀವಂತ ಕುದುರೆಯನ್ನು ನೋಡಲು ಹೋಗುವುದು ಒಳಿತು. ನಗರದಲ್ಲಿ ಸವಾರಿ ಕಲಿಸುವ ಶಾಲೆಯಿದ್ದರೆ ಅನುಮತಿ ಪಡೆದು ಬೇಲಿಯ ಹೊರಗೆ ನಿಂತು ನೋಡಬಹುದು. ಕುದುರೆ ನಡೆಯುವಾಗ ಯಾವ ಕಾಲು ಮೊದಲು ಏಳುತ್ತದೆ? ಶಬ್ದ ಬಂದ ಕಡೆಗೆ ಕಿವಿ ಹೇಗೆ ತಿರುಗುತ್ತದೆ? ಬಿಳಿಯ ಕುದುರೆಯೆಂದು ಕರೆಯುವ ಕುದುರೆಯ ಮೂತಿಯ ಚರ್ಮ ಯಾವ ಬಣ್ಣದ್ದು? ಬಿಳಿಯಾಗಿ ಕಾಣುವ ಕುದುರೆಗಳಲ್ಲಿ ಹೆಚ್ಚಿನವು ಗಾಢವರ್ಣದ ಮರಿಗಳಾಗಿ ಹುಟ್ಟಿ ವಯಸ್ಸಾದಂತೆ ಬೆಳ್ಳಗಾದವು. ಅವುಗಳ ಚರ್ಮ ಕಡೆಯವರೆಗೂ ಕಪ್ಪಾಗಿಯೇ ಇರುತ್ತದೆ. ಇದನ್ನು ಕಣ್ಣಾರೆ ಕಂಡು ಬಂದ ಮಗು ಮನೆಯಲ್ಲಿರುವ ಬಿಳಿಯ ಪ್ಲಾಸ್ಟಿಕ್ ಕುದುರೆಯ ಗುಲಾಬಿ ಮೂತಿಯನ್ನು ನೋಡಿ, ಇದು ತಪ್ಪು ಎಂದು ಹೇಳಿ ಬಣ್ಣದ ಕುಂಚವನ್ನು ಕೇಳಿದರೆ, ಆ ಮನೆಯಲ್ಲಿ ಈ ಹವ್ಯಾಸ ಆರಂಭವಾಯಿತೆಂದೇ ತಿಳಿಯಬೇಕು.